ಗುಂಡಿಯ ನೀರಿನಲ್ಲಿ ಬಂದ ಡಬ್ಬಿ

ಆ ನೀರನ್ನು ನೋಡಿದರೆ ವಿಷವೆಂದು ಯಾರೂ ಹೇಳುವಂತಿರಲಿಲ್ಲ. ತಿಳಿ ಹಸಿರು ಬಣ್ಣ, ಮೇಲೊಂದಿಷ್ಟು ಬೆಳಕು, ಪಂಪು ಓಡುವಾಗ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಒಂದು ಸಣ್ಣ ಅಲೆ. ಅಣುಸ್ಥಾವರದ ಕಸವನ್ನೆಲ್ಲ ಹಿಂದಿನವರು ಪೀಪಾಯಿಗೆ ತುಂಬಿ, ಗುಂಡಿ ತೋಡಿ ಹೂತು, ಕೈ ತೊಳೆದುಕೊಂಡು ಹೋಗಿದ್ದರು. ಪುಣ್ಯಾತ್ಮರು! ಮಳೆನೀರು ಒಳಗಿಳಿಯಿತು, ಪೀಪಾಯಿಗಳು ತುಕ್ಕು ಹಿಡಿದವು, ಗುಂಡಿಗಳು ಕೆರೆಗಳಾದವು. ಈಗ ಆ ನೀರನ್ನು ಮೇಲೆತ್ತಿ ತೊಳೆಯುವ ಕೆಲಸ ಅವಳದು. ನೀರನ್ನೇ ತೊಳೆಯುವುದೇ ಎಂದು ನಗಬೇಡಿ. ತೊಟ್ಟಿಗೆ ಪುಡಿ ಹಾಕಿ ಕಲಕಬೇಕು, ವಿಷ ಪುಡಿಗಂಟಿ ಕೆಸರಾಗಿ ತಳ ಸೇರುವವರೆಗೆ ಕಾಯಬೇಕು, ಮೇಲಿನ ತಿಳಿಯನ್ನು ಸೋಸಬೇಕು, ಕೆಸರನ್ನು ಸಿಮೆಂಟಿನೊಂದಿಗೆ ಕಲಸಿ ಹೊಸ ಪೀಪಾಯಿಯಲ್ಲಿ ಗಟ್ಟಿ ಮಾಡಬೇಕು. ಜೊತೆಯವರು ಅವಳನ್ನು ನೀರಮ್ಮ ಎಂದೇ ಕರೆಯುತ್ತಿದ್ದರು.

ನೀರಮ್ಮ ಈ ಕೆಲಸಕ್ಕೆ ಸುಮ್ಮನೆ ಸೇರಿದವಳಲ್ಲ. ಅವಳಪ್ಪ ಇದೇ ಸ್ಥಾವರದಲ್ಲಿ ದುಡಿದು, ಇಲ್ಲೇ ಒಂದು ಅವಘಡದಲ್ಲಿ ಜೀವ ಬಿಟ್ಟವನು. ಆಗ ಅವಳಿನ್ನೂ ತೊದಲು ಮಾತಿನ ಕೂಸು. ಅಪ್ಪ ಮುಟ್ಟಿದ್ದನ್ನೆಲ್ಲ ವಿಷ ತಗುಲಿದೆಯೆಂದು ಬಿಳಿ ಉಡುಪಿನವರು ಬಂದು ಹೊತ್ತೊಯ್ದು ಈ ಗುಂಡಿಗಳಿಗೆ ಸುರಿದರಂತೆ. ಅಂಗಿ, ಚಪ್ಪಲಿ, ತಲೆದಿಂಬು, ಹಾಳಾಗಿ ಹೋಗಲಿ, ಬಾಚಣಿಗೆಯನ್ನಾದರೂ ಬಿಡಬಾರದಿತ್ತೇ? ಅಮ್ಮನ ಪಾಲಿಗೆ ಒಂದು ದಾರದೆಳೆಯೂ ಉಳಿಯಲಿಲ್ಲ. ಅಪ್ಪನದೊಂದು ವಸ್ತು, ಏನಾದರೂ ಸರಿ, ಅಮ್ಮನ ಕೈಗೆ ತಂದುಕೊಡಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಮೈತುಂಬ ರಬ್ಬರಿನ ಉಡುಪು ಹಾಕಿಕೊಂಡು ತೊಟ್ಟಿಯ ಅಂಚಿನಲ್ಲಿ ನಿಂತರೆ ತನ್ನ ಉಸಿರಿನ ಸದ್ದೇ ದೂರದಲ್ಲಿ ಯಾರೋ ಮಲಗಿದ್ದಾರೆ ಎನ್ನುವಂತೆ ಕೇಳುತ್ತಿತ್ತು. ಛಾವಣಿಯ ಪ್ಲಾಸ್ಟಿಕ್ಕಿನಿಂದ ಇಳಿಯುವ ಬಿಸಿಲು ಹಾಲಿನ ಬಣ್ಣಕ್ಕೆ ತಿರುಗುತ್ತಿತ್ತು. ಕೆಲವೊಮ್ಮೆ ಆ ಹಸಿರಿನಲ್ಲಿ ಒಂದು ಅಂಗಿಯ ತೋಳು ಈಜಿದಂತೆ, ತೋಳಿನ ತುದಿಯಲ್ಲಿ ಕೈಯೊಂದು ಮೂಡಿ "ಬಾ ಮಗು" ಎಂದಂತೆ ಆಗುತ್ತಿತ್ತು. ಅವಳಿಗೆ ಹೆದರಿಕೆಯಾಗುತ್ತಿರಲಿಲ್ಲ, ನಾಚಿಕೆಯಾಗುತ್ತಿತ್ತು. ಅಪ್ಪನ ಮುಖವೇ ಅವಳಿಗೆ ನೆನಪಿರಲಿಲ್ಲ, ನೋಡಿ.

ಒಂದು ಬೆಳಿಗ್ಗೆ ಪಂಪಿನ ಬಾಯಿಗೆ ಕಟ್ಟಿದ ಜಾಲರಿಯಲ್ಲಿ ಏನೋ ಸಿಕ್ಕಿಕೊಂಡು ನೀರು ನಿಂತಿತು. ಉದ್ದನೆಯ ಇಕ್ಕಳದಲ್ಲಿ ಎತ್ತಿದರೆ ಒಂದು ಊಟದ ಡಬ್ಬಿ. ಮುಚ್ಚಳದ ಕೆಸರು ಜಾರಿತು. ಮೊಳೆಯಲ್ಲಿ ಕೊರೆದ ಸೊಟ್ಟ ಅಕ್ಷರಗಳು ಕಂಡವು: ನಿದ್ದೆಬುರುಕ.

ಅದು ಅಪ್ಪನ ಡಬ್ಬಿ. ಕೆಲಸದವರ ಡಬ್ಬಿಗಳೆಲ್ಲ ಒಂದೇ ಥರ ಇದ್ದು ಅದಲು ಬದಲಾಗುತ್ತಿದ್ದುದರಿಂದ, ನಿಂತಲ್ಲೇ ತೂಕಡಿಸುವ ಗಂಡನ ಡಬ್ಬಿಗೆ ಅಮ್ಮ ಆ ಹೆಸರು ಕೊರೆದಿದ್ದಳು. ಇಡೀ ಸ್ಥಾವರ ಬಿದ್ದು ಬಿದ್ದು ನಕ್ಕಿತ್ತಂತೆ. ಆ ಕತೆ ಹೇಳುವಾಗ ಮಾತ್ರ ಅಮ್ಮನ ಮುಖ ಅರಳುತ್ತಿತ್ತು.

ವಿಕಿರಣ ಅಳೆಯುವವನು, ಎಲ್ಲರ ಬಾಯಲ್ಲಿ ಮೀಟರಣ್ಣ, ಗಾಜಿನ ಕ್ಯಾಬಿನ್ನಿನಿಂದ ಮೈಕಿನಲ್ಲಿ ಕೂಗಿದ. "ಅದು ಪೀಪಾಯಿಗೆ ಹೋಗೋ ಮಾಲು ತಾಯಿ. ಹಾಕಿಬಿಡು."

"ಅಣ್ಣ, ಇದು ನಮ್ಮಪ್ಪಂದು. ತೊಳೀತೀನಿ. ಮೀಟರ್ ಸುಮ್ಮನಾದ್ರೆ ಮನೆಗೆ ಒಯ್ಯಬಹುದಲ್ವಾ?"

ಮೀಟರಣ್ಣ ಗಾಜಿನಾಚೆಯಿಂದ ಡಬ್ಬಿಯನ್ನು ನೋಡಿದ. "ಪೂರ್ತಿ ಸುಮ್ಮನಾದ್ರೆ ಮಾತ್ರ. ತೊಳೆದ ನೀರನ್ನ ಮತ್ತೆ ನೀನೇ ತೊಳೀಬೇಕು, ನೆನಪಿರಲಿ."

ಅವಳು ಆಸಿಡ್ಡಿನಲ್ಲಿ ಅದ್ದಿದಳು, ಉಜ್ಜಿದಳು, ಮತ್ತೆ ಅದ್ದಿದಳು. ಆ ನೀರನ್ನೆಲ್ಲ ತೊಟ್ಟಿಗೇ ಸುರಿದು ಪುಡಿ ಹಾಕಿದಳು. ತಳದಲ್ಲಿ ಮೀಟರು ತಣ್ಣಗಾಯಿತು, ಪಕ್ಕಗಳಲ್ಲೂ ಒಳಗೂ ತಣ್ಣಗಾಯಿತು. ಮುಚ್ಚಳದ ಮೇಲೆ ಮಾತ್ರ ಮೀಟರು ಒಗ್ಗರಣೆಯ ಹಾಗೆ ಚಟಪಟ ಎನ್ನುತ್ತಲೇ ಇತ್ತು. ವಿಷ ಆ ಅಕ್ಷರಗಳ ಗೀರಿನೊಳಗೆ ಹೋಗಿ ಕೂತಿತ್ತು. ಇನ್ನು ಎಷ್ಟು ತೊಳೆದರೂ ಹೋಗುವುದಿಲ್ಲ. ಉಜ್ಜುವ ಚಕ್ರ ಹಿಡಿದು ಅಕ್ಷರಗಳನ್ನೇ ಕೆರೆದು ತೆಗೆದರೆ ಡಬ್ಬಿ ಮನೆಗೆ ಬರುತ್ತದೆ, ಇಲ್ಲವಾದರೆ ಇಲ್ಲ.

ಅವಳು ಚಕ್ರ ಕೈಗೆತ್ತಿಕೊಂಡಳು. ಕೈ ಜಪ್ಪಯ್ಯ ಎಂದರೂ ಮುಂದೆ ಹೋಗಲಿಲ್ಲ.

"ಅಣ್ಣ, ಅಮ್ಮಂಗೊಂದು ಫೋನ್ ಹಚ್ಚಿ. ಮೈಕಿನ ಹತ್ತಿರ ಹಿಡೀರಿ."

ಮೀಟರಣ್ಣ ಗೊಣಗದೆ ಫೋನ್ ಹಚ್ಚಿದ. ಕಿವಿಯೊಳಗಿನ ಸ್ಪೀಕರಿನಲ್ಲಿ ಅಮ್ಮನ ಗಾಬರಿಯ ದನಿ ಬಂತು. "ಏನಾಯ್ತೇ? ಹುಷಾರಾಗಿದ್ದೀಯಾ?"

"ಹುಷಾರಾಗಿದ್ದೀನಮ್ಮ. ಅಪ್ಪನ ಡಬ್ಬಿ ಸಿಕ್ತು." ಅವಳು ಎಲ್ಲ ಹೇಳಿದಳು. "ಅಕ್ಷರ ಕೆರೆದ್ರೆ ತರಬಹುದು. ಏನ್ಮಾಡ್ಲಿ?"

ಪಂಪು ಗುಂಯ್ಗುಡುತ್ತಿತ್ತು. ಹಸಿರು ನೀರಿನಲ್ಲಿ ಪುಡಿ ಮಂಜಿನಂತೆ ಇಳಿಯುತ್ತಿತ್ತು.

"ಕೆರೀಬೇಡ," ಎಂದಳು ಅಮ್ಮ. "ಕೆರೆದ್ರೆ ಅದು ಯಾವುದೋ ಅಂಗಡಿ ಡಬ್ಬಿ ಕಣೆ."

"ಹಾಗಾದ್ರೆ ಮನೆಗೆ ಬರಲ್ಲಮ್ಮ. ಪೀಪಾಯಿಗೆ ಹಾಕಿ ಸಿಮೆಂಟ್ ತುಂಬಿಸಬೇಕು."

"ನಿಮ್ಮಪ್ಪನ್ನ ಮಣ್ಣು ಮಾಡುವಾಗ ನನ್ನನ್ನ ಬೇಲಿ ಆಚೆ ನಿಲ್ಲಿಸಿದ್ರು. ಯಾರು ಇಳಿಸಿದ್ರೋ, ಹೇಗೆ ಇಳಿಸಿದ್ರೋ, ಒಂದೂ ಕಾಣಲಿಲ್ಲ. ಈಗ ನೀನು ಇಳಿಸು. ಎಸೀಬೇಡ, ಮೆತ್ತಗೆ ಇಡು. ನನಗೆ ಹೇಳ್ತಾ ಹೋಗು."

ಮುಖವಾಡದೊಳಗೆ ಕಣ್ಣೀರು ಬಂದರೆ ಒರೆಸಿಕೊಳ್ಳುವ ಹಾಗಿಲ್ಲ. ಅದು ಗಲ್ಲದವರೆಗೆ ತಾನಾಗಿ ಇಳಿಯಿತು. ಅವಳು ಇಕ್ಕಳವನ್ನು ಪಕ್ಕಕ್ಕಿಟ್ಟು, ಕೈಗವಸಿನ ಎರಡೂ ಕೈಯಲ್ಲಿ ಡಬ್ಬಿಯನ್ನು ಹಿಡಿದುಕೊಂಡಳು. ಹಾಗೆ ಹಿಡಿಯಕೂಡದು. ಮೀಟರಣ್ಣ ಕ್ಯಾಬಿನ್ನಿನಲ್ಲಿ ಮುಖ ಆಚೆ ತಿರುಗಿಸಿಕೊಂಡ.

"ಪೀಪಾಯಿ ಹೊಸದಮ್ಮ, ಹಳದಿ ಬಣ್ಣ. ತಳದಲ್ಲಿ ಮೆತ್ತನೆ ಕೆಸರಿದೆ. ಇಡ್ತಾ ಇದ್ದೀನಿ. ಅಕ್ಷರ ಮೇಲೆ ಬರೋ ಹಾಗೆ ಇಟ್ಟಿದ್ದೀನಿ."

"ಹೂಂ."

"ಈಗ ಸಿಮೆಂಟ್ ಬಿಡ್ತಾ ಇದ್ದೀನಿ."

ಬೂದು ಗಂಜಿ ನಿಧಾನವಾಗಿ ಸುತ್ತ ಏರಿತು. ಆ ಹಾಲುಬೆಳಕಿನಲ್ಲಿ ಡಬ್ಬಿ ಒಂದು ಕ್ಷಣ ತೇಲುವಂತೆ ಕಂಡು, ಆಮೇಲೆ ಹೊದಿಕೆ ಎಳೆದುಕೊಂಡಂತೆ ಒಳಗಾಯಿತು.

"ಮುಚ್ಚಿತಾ?"

"ಮುಚ್ಚಿತಮ್ಮ."

"ಪೂರ್ತಿ?"

"ಪೂರ್ತಿ."

"ಸರಿ ಹಾಗಾದ್ರೆ," ಎಂದಳು ಅಮ್ಮ. "ಈಗ ನಾನು ಅಳ್ತೀನಿ. ನೀನು ಫೋನ್ ಇಡಬೇಡ."