ಗಂಟೆಗೊಂದು ಚಿತ್ರ

ಮರಳುಗಾಡಿನ ಗಣಿಯೂರು ಕೂಬರ್ ಪೀಡಿಯಲ್ಲಿ ಮನೆ ಕಟ್ಟುವವರಿಗಿಂತ ಗುಡ್ಡದಲ್ಲಿ ಕೊರೆಯುವವರೇ ಹೆಚ್ಚು. ದೆಸಾಂಕಾಳ ನಾಲ್ಕು ಕೋಣೆಯ ಮನೆಯೂ ಗುಡ್ಡದ ಹೊಟ್ಟೆಯೊಳಗೇ ಇತ್ತು. ದೀಪ ಆರಿಸಿದರೆ ಹಗಲಲ್ಲೂ ತನ್ನ ಕೈ ತನಗೆ ಕಾಣದಂಥ ಕತ್ತಲು. ನಡುವಿನ ಓಣಿಯ ಗೂಡಿನಲ್ಲಿ ಗಂಡ ತಿಹೊಮೀರ್ ಇಟ್ಟುಹೋದ ಇಂಟರ್‌ನೆಟ್ ಪೆಟ್ಟಿಗೆಯನ್ನು ಅವಳು ಹನ್ನೊಂದು ವರ್ಷದಿಂದ ಆರಿಸಿರಲಿಲ್ಲ. ಇಂಟರ್‌ನೆಟ್ ಸಂಪರ್ಕವನ್ನು ಎಂದೋ ನಿಲ್ಲಿಸಿದ್ದಳು. ಆದರೂ ಪೆಟ್ಟಿಗೆಯ ಹಸಿರು ದೀಪ ಬಚ್ಚಲಿಗೆ ದಾರಿ ತೋರುತ್ತದಲ್ಲ ಎಂದು ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ಅವಳು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಪೋರ್ಟ್ ಅಗಸ್ಟಾಗೆ ಹೋಗಿದ್ದಳು. ಐದನೆಯ ದಿನ ಮರಳಿ ಬಂದರೆ ಮನೆಯಲ್ಲಿ ತಿಹೊಮೀರ್ ಇರಲಿಲ್ಲ. ಅವನ ಕಂಪ್ಯೂಟರ್ ಇರಲಿಲ್ಲ, ಕಂದು ಕೋಟು ಇರಲಿಲ್ಲ, ಅವಳ ಹೊಲಿಗೆ ಯಂತ್ರವೂ ಇರಲಿಲ್ಲ. ಕಾರು ಮಾತ್ರ ಬಾಗಿಲಲ್ಲೇ ನಿಂತಿತ್ತು. ಯಾರದೋ ವಾಹನ ಬಂದಿತ್ತಂತೆ, ಯಾರೋ ಹೆಂಗಸಂತೆ, ಎಂದು ಊರು ಆಡಿಕೊಂಡಿತು. ಪೊಲೀಸರೂ ಕೊನೆಗೆ ಹಾಗೆಯೇ ಬರೆದುಕೊಂಡರು. ಗಂಡ ಹೋದದ್ದನ್ನಾದರೂ ದೆಸಾಂಕಾ ನುಂಗಿಕೊಂಡಳು. ತನ್ನ ಹೊಲಿಗೆ ಯಂತ್ರದಲ್ಲಿ ಇನ್ನೊಬ್ಬಳು ಲಂಗ ಹೊಲಿದುಕೊಳ್ಳುತ್ತಿದ್ದಾಳೆಂಬುದನ್ನು ನುಂಗಿಕೊಳ್ಳಲಾಗಲಿಲ್ಲ. ಪಕ್ಕದ ಗುಡ್ಡದ ಥನಾಸಿಸ್ ಒಬ್ಬನೇ ಆ ಮಾತಿಗೆ ಸೇರದವನು. ಕ್ಲಬ್ಬಿನಲ್ಲಿ ಯಾರಾದರೂ ತಿಹೊಮೀರನ ಹೆಸರೆತ್ತಿದರೆ ಅವನು ದೊಡ್ಡ ದನಿಯಲ್ಲಿ ಫುಟ್‌ಬಾಲ್ ಮಾತು ಶುರುಮಾಡುತ್ತಿದ್ದ.

ಇಷ್ಟು ವರ್ಷಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ದೆಸಾಂಕಾ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಊರಿನ ಆಸ್ಪತ್ರೆಗೆ ನರ್ಸ್ ಆಗಿ ಬಂದಿದ್ದ ತಂಗಿಯ ಮಗಳು ನೆವೆನಾ ಎದುರಿಗೇ ಕುಳಿತು, ತನ್ನ ಲ್ಯಾಪ್‌ಟಾಪಿಗೂ ಹೊಸ ಪ್ರಿಂಟರಿಗೂ ಆ ಹಳೆಯ ಪೆಟ್ಟಿಗೆಯ ಮೂಲಕ ನಂಟು ಬೆಸೆಯುತ್ತಿದ್ದಳು. ದೊಡ್ಡಮ್ಮನನ್ನು ಅವಳು ಕರೆಯುತ್ತಿದ್ದದ್ದು ತಮ್ಮ ಸರ್ಬಿಯದ ರೂಢಿಯಂತೆ, ತೇತಾ ಎಂದು.

"ತೇತಾ, ನಿನ್ ಮನೇಲಿ ಇನ್ನೊಂದು ಕಂಪ್ಯೂಟರ್ ಇದ್ಯಾ?"

"ನಂಗಿರೋದು ಒಂದು ರೇಡಿಯೊ. ಅದೂ ಕಿವಿ ಹಿಂಡಿದ್ರೇನೇ ಮಾತಾಡೋದು."

"ಇಲ್ಲೊಂದು ತೋರಿಸ್ತಿದೆ. 'ತಿಹೊ' ಅಂತ ಹೆಸರು."

ದೆಸಾಂಕಾಳ ಕೈ ಹಿಟ್ಟಿನಲ್ಲೇ ನಿಂತಿತು. "ಹಳೇದು ಯಾವುದೋ ನೆನಪಿಟ್ಕೊಂಡಿರುತ್ತೆ ಬಿಡು, ಪೆಟ್ಟಿಗೆ."

"ನೆನಪಲ್ಲ ತೇತಾ. ಆ ಕಂಪ್ಯೂಟರ್ ಈಗ ನಡೀತಾ ಇದ್ರೇನೇ ಹೀಗೆ ಬರೋದು. ನೋಡು, ಅದರ ಎರಡು ಡಿಸ್ಕೂ ತೆರೀತಿವೆ. ಪಾಸ್‌ವರ್ಡೂ ಇಲ್ಲ."

"ಅವನು ಬಾಗಿಲಿಗೇ ಚಿಲಕ ಹಾಕ್ತಿರಲಿಲ್ಲ" ಎಂದುಬಿಟ್ಟು ದೆಸಾಂಕಾ ತಾನೇ ಬೆಚ್ಚಿದಳು. "ಎಲ್ಲಿಂದ ಬರ್ತಿದೆ ಇದು? ಅಡಿಲೇಡಿಂದಲಾ?"

"ಅಷ್ಟು ದೂರದಿಂದ ಬರೋಕೆ ಇಂಟರ್‌ನೆಟ್ಟೇ ಇಲ್ವಲ್ಲ. ಈ ಪೆಟ್ಟಿಗೆಗೆ ತಂತಿ ಸೇರಿಸಿರೋದು ಮಾತ್ರ ಕಾಣ್ಸುತ್ತೆ." ನೆವೆನಾಳ ದನಿ ತಗ್ಗಿತು. "ಅಂದ್ರೆ, ಈ ಮನೆ ಒಳಗೇ ಇದೆ."

ಓಣಿಗೆ ಬಂದು ನೋಡಿದರು. ಪೆಟ್ಟಿಗೆಯ ಹಿಂದಿನಿಂದ ಹೊರಟ ನೀಲಿ ತಂತಿ, ಜೊತೆಗೊಂದು ಕರೆಂಟು ತಂತಿ, ಮಲಗುವ ಕೋಣೆಯ ಮೂಲೆಯಲ್ಲಿ ಬಂಡೆಯೊಳಕ್ಕೆ ಹೋಗಿದ್ದವು. ಅವು ಮೇಲಿನ ಆಂಟೆನಾಗೆ ಹೋಗುತ್ತವೆಂದೇ ದೆಸಾಂಕಾ ತಿಳಿದಿದ್ದಳು.

ಮತ್ತೆ ಮೇಜಿಗೆ ಬಂದರು. ಮೊದಲ ಡಿಸ್ಕಿನಲ್ಲಿ ಏನೂ ವಿಶೇಷವಿರಲಿಲ್ಲ. ಎರಡನೆಯದರಲ್ಲಿ ಇದ್ದದ್ದು ಒಂದೇ ಫೋಲ್ಡರು. ನೆವೆನಾ ಅದರ ಹೆಸರು ಓದಿದಳು: "ದೆಸಾಂಕಾಳ ಹೊಲಿಗೆ ಕೋಣೆ."

ಒಳಗೆಲ್ಲ ಚಿತ್ರಗಳು. ಗಂಟೆಗೊಂದು ಚಿತ್ರ ತೆಗೆಯುವಂತೆ ಕಂಪ್ಯೂಟರಿನ ಕ್ಯಾಮೆರಾಗೆ ಯಾರೋ ಹೇಳಿಟ್ಟಿದ್ದರು, ನಿಲ್ಲಿಸಲು ಹೇಳುವವರಿರಲಿಲ್ಲ. ತೊಂಬತ್ತಾರು ಸಾವಿರ ಚಿತ್ರಗಳು, ಸಾಲು ಸಾಲಾಗಿ ಕಪ್ಪು. ಕೊನೆಯದು ಆ ದಿನ ಬೆಳಿಗ್ಗೆ ಹನ್ನೊಂದರದು.

"ತೇತಾ, ದಿನಕ್ಕೊಂದು ಮಾತ್ರ ಕಪ್ಪಲ್ಲ ನೋಡು. ಮಧ್ಯಾಹ್ನ ಹನ್ನೆರಡರದು."

ಹಿಂದಿನ ದಿನದ ಹನ್ನೆರಡರ ಚಿತ್ರವನ್ನು ದೊಡ್ಡದು ಮಾಡಿದಳು. ಮೇಲೆ ಗಾಳಿಕೊಳವೆ ಇದ್ದಿರಬೇಕು. ನೆತ್ತಿಯ ಬಿಸಿಲು ಅದರೊಳಗಿಂದ ಇಳಿದು ತಟ್ಟೆಯಗಲ ಬಿದ್ದಿತ್ತು. ಆ ಬೆಳಕಿನಲ್ಲಿ ಒಂದು ಹೊಲಿಗೆ ಯಂತ್ರ. ಅದರ ಕೊರಳಿಗೆ ದೆಸಾಂಕಾ ತಾನೇ ಕಟ್ಟಿದ್ದ, ಸೂಜಿ ಚುಚ್ಚುವ ಕೆಂಪು ದಿಂಬು. ಹಿಂದೆ ಮೊಳೆಗೆ ನೇತುಹಾಕಿದ ಕಂದು ಕೋಟು.

ನೆವೆನಾ ಎದ್ದು ದೊಡ್ಡಮ್ಮನ ಬೆನ್ನ ಹಿಂದೆ ಕುರ್ಚಿ ತಂದಿಟ್ಟಳು.

ಕುಳಿತು, "ಮೊದಲ್ನೇದು ತೋರ್ಸು" ಎಂದಳು ದೆಸಾಂಕಾ.

ಮೊದಮೊದಲ ಚಿತ್ರಗಳಲ್ಲಿ ತಿಹೊಮೀರ್ ಇದ್ದ. ಲಾಂದ್ರದ ಬೆಳಕಿನಲ್ಲಿ ಕಲ್ಲು ಕೆತ್ತುತ್ತಿದ್ದ. ಗುಡ್ಡದಾಚೆಯ ಹಳೆಯ ಗಣಿಬಾವಿಯೊಳಗಿಂದ ಏಣಿ ಇಳಿಬಿಟ್ಟು, ಹೆಂಡತಿ ಊರಿಗೆ ಬರುವುದರೊಳಗೆ ಗುಟ್ಟಾಗಿ ಕೋಣೆ ಮುಗಿಸುವ ಅವಸರದಲ್ಲಿದ್ದ. ಬುಧವಾರ ಮೂರು ಗಂಟೆಗೆ ಕೋಟನ್ನು ಮೊಳೆಗೆ ಹಾಕುತ್ತ ನಗುತ್ತಿದ್ದ. ನಾಲ್ಕರ ಚಿತ್ರದಲ್ಲಿ ಬರೀ ಧೂಳು. ಏಣಿ ಇರಲಿಲ್ಲ, ತಿಹೊಮೀರನೂ ಕಾಣಲಿಲ್ಲ.

"ಐದು ಗಂಟೇದು ತೆಗೀಲಾ?" ಎಂದಳು ನೆವೆನಾ.

"ಬೇಡ ಮಗಳೇ."

ದೆಸಾಂಕಾ ಮಲಗುವ ಕೋಣೆಗೆ ಹೋಗಿ, ಹಾಸಿಗೆಯ ತಲೆದೆಸೆಯ ಗೋಡೆಗೆ ಕಿವಿಯಿಟ್ಟಳು. ಸಣ್ಣಗೆ ಗುಂಯ್ ಎನ್ನುತ್ತಿತ್ತು. ಎಷ್ಟೋ ವರ್ಷಗಳಿಂದ ರಾತ್ರಿ ಕೇಳುತ್ತಿದ್ದ ಸದ್ದು. ಅದು ವಯಸ್ಸಿನದೆಂದು ಹೇಳಿ ಡಾಕ್ಟರು ಕಿವಿಗೆ ಹನಿ ಕೊಟ್ಟಿದ್ದರು.

ಕರೆದ ಕೂಡಲೇ ಥನಾಸಿಸ್ ಹಾರೆ ಹಿಡಿದು ಬಂದ. ಚಿತ್ರಗಳನ್ನು ನಿಂತೇ ನೋಡಿದ. "ಬಾವಿ ಬಾಯಿ ಕುಸಿದಿದೆ. ಈ ಊರಲ್ಲಿ ಇನ್ನೊಂದು ಮಣ್ಣುಗುಡ್ಡೆ ಆದ್ರೆ ಯಾರು ಲೆಕ್ಕ ಇಡ್ತಾರೆ" ಎಂದು ಗೊಣಗಿದ. ಪೊಲೀಸರಿಗೆ ಫೋನ್ ಮಾಡಿ ಬಂದು, "ಸಾರ್ಜೆಂಟು ದೂರ ಹೋಗಿದಾನಂತೆ, ಬರೋದು ಸಂಜೆ. ಅಲ್ಲೀವರೆಗೂ ಮುಟ್ಬಾರದಂತೆ ದೆಸಾಂಕಾ" ಎಂದ.

"ಹನ್ನೊಂದು ವರ್ಷ ಬೈದಿದೀನಿ ಕಣೋ ಅವನನ್ನ. ದಿನಾ ಬೆಳಿಗ್ಗೆ, ಕಾಫಿ ಜೊತೆ. ಸಂಜೆವರೆಗೂ ಕಾಯಿಸ್ತೀಯಾ?"

ಥನಾಸಿಸ್ ಹಾರೆಯ ಮೊನೆಯನ್ನು ಹೆಬ್ಬೆರಳಿನಿಂದ ಒರೆಸಿದ. "ಮುಖದಷ್ಟು ಮಾತ್ರ. ಅದಕ್ಕಿಂತ ಒಂದಂಗುಲ ಹೆಚ್ಚು ಒಡೆಯೋದಿಲ್ಲ."

ಮೆಲ್ಲಮೆಲ್ಲಗೆ ಕೆತ್ತಿದ. ಗೋಡೆ ಗೇಣಿಗಿಂತ ದಪ್ಪವಿರಲಿಲ್ಲ. ಬಾಗಿಲು ಬಿಡಿಸುವುದೊಂದೇ ಬಾಕಿಯಿತ್ತು. ತೂತಾದೊಡನೆ ಅವನು ಟಾರ್ಚನ್ನು ದೆಸಾಂಕಾಳ ಕೈಗಿಟ್ಟು, ಟೋಪಿ ತೆಗೆದು, ಓಣಿಗೆ ಹೋಗಿ ಬೆನ್ನು ಹಾಕಿ ನಿಂತ.

ನೆವೆನಾ ಅಡುಗೆಮನೆಯಲ್ಲೇ ಉಳಿದಿದ್ದಳು. ಗಡಿಯಾರ ಎರಡು ತೋರಿಸಿತು. ಪರದೆಯ ಮೇಲೆ ಹೊಸ ಚಿತ್ರವೊಂದು ಮೂಡಿತು. ಹನ್ನೆರಡರದಲ್ಲ, ಆದರೂ ಅದರಲ್ಲಿ ಬೆಳಕಿತ್ತು. ಕಪ್ಪು ಗೋಡೆಯ ನಡುವೆ ಒಂದು ತೂತು, ತೂತಿನಲ್ಲಿ ದೊಡ್ಡಮ್ಮನ ಮುಖ, ಹಣೆಗೆ ಮೆತ್ತಿದ ಹಿಟ್ಟು. ಅವಳು ಯಂತ್ರವನ್ನು ನೋಡುತ್ತಿರಲಿಲ್ಲ, ಕೋಟನ್ನೂ ನೋಡುತ್ತಿರಲಿಲ್ಲ. ಕ್ಯಾಮೆರಾದ ಪಕ್ಕದಲ್ಲೇ, ಆಳೆತ್ತರದಲ್ಲಿ, ಏನನ್ನೋ ನೋಡುತ್ತಿದ್ದಳು. ತುಟಿ ಅರ್ಧ ತೆರೆದಿತ್ತು.

ನೆವೆನಾ ಓಡಿದಳು. ಓಣಿಯಲ್ಲಿ ಥನಾಸಿಸ್ ಟೋಪಿ ಹಿಡಿದ ಕೈಯನ್ನು ಅಡ್ಡ ಚಾಚಿದ, ತಾಳು ಎಂಬಂತೆ. ಕೋಣೆಯಿಂದ ದೆಸಾಂಕಾಳ ಮೆಲುದನಿ ಕೇಳುತ್ತಿತ್ತು. ತಿಹೊಮೀರನ ಹೆಸರು ಹಿಡಿದು ಒಂದು ಮಾತಾಡುತ್ತಿದ್ದಳು. ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಸುಮ್ಮನಿರುತ್ತಿದ್ದಳು. ಮತ್ತೆ ಮಾತಾಡುತ್ತಿದ್ದಳು.