ಹಿತ್ತಲಿನ ಒಗ್ಗರಣೆ

ಬಸವಲಿಂಗಮ್ಮನವರು ನಡೆದರೆ ನೆಲ ಮಾತಾಡುತ್ತಿತ್ತು. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚಿದ್ದ ಆ ಕಾಲದಲ್ಲಿ, ತೀರಿಹೋದ ಗಂಡನ ಕಂದು ಉಣ್ಣೆಯ ಕೋಟನ್ನು ಸೀರೆಯ ಮೇಲೆ ತೊಟ್ಟು, ಮಂಜಿನೊಳಗೆ ಧಪಧಪನೆ ಅವರು ಹಾಲಿಗೆ ಹೊರಟರೆ ಬೀದಿಗೆ ಬೆಳಗಾಗುತ್ತಿತ್ತು. ಅಂಥವರು ಆ ಮಾಗಿಯಲ್ಲಿ ಬೆಕ್ಕಿನಂತೆ ನಡೆಯತೊಡಗಿದರು.

ಸೊಸೆ ಚೂಡಾಮಣಿಗೆ ಮುಟ್ಟು ನಿಂತಿತ್ತು. ಹಿಂದಿನ ವರ್ಷದ ಬಸಿರು ಮೂರು ತಿಂಗಳು ತುಂಬುವ ಮುನ್ನವೇ ಇಳಿದುಹೋಗಿತ್ತು. ಇದಾದರೂ ನಿಂತೀತೇ ಎಂಬ ದಿಗಿಲು ಮನೆಯ ತುಂಬ. ಮೂರು ತುಂಬುವತನಕ ಯಾರ ಕಿವಿಗೂ ಬೀಳಕೂಡದೆಂದು ಅತ್ತೆಯ ಅಪ್ಪಣೆಯಾಯಿತು.

ಏಳುವ ಮೊದಲೇ ಒಣಗಿದ್ದೇನಾದರೂ ಅಗಿಯಬೇಕು, ಸ್ವಲ್ಪಸ್ವಲ್ಪವೇ ತಿನ್ನುತ್ತಿರಬೇಕು, ಸೊಪ್ಪು ಬಿಡಬಾರದು, ಭಾರ ಎತ್ತಬಾರದು, ರಕ್ತ ಕಂಡರೆ ತಡಮಾಡದೆ ಬರಬೇಕು ಎಂದಿದ್ದರು ಲೇಡಿ ಡಾಕ್ಟರು. ದಿನವೂ ನಸುಕಿನ ಅರೆನಿದ್ದೆಯಲ್ಲಿ ಚೂಡಾಮಣಿಗೆ ಹಳೆಯ ಉಣ್ಣೆ ಸರಿದಾಡಿದ ಸದ್ದು ಕೇಳುತ್ತಿತ್ತು. ಕೋಟಿನ ಜೇಬಿನಿಂದ ಒಂದು ಹಿಡಿ ಕಡಲೆಪುರಿ ಅವಳ ಅಂಗೈಗೆ ಬರುತ್ತಿತ್ತು. ಅದು ಕನಸೋ ಎಚ್ಚರವೋ ತಿಳಿಯುವ ಮೊದಲೇ ಅವಳು ಅಗಿಯುತ್ತಿದ್ದಳು.

ಬೆಳ್ಳುಳ್ಳಿ ಒಗ್ಗರಣೆಗೆ ಅವಳ ಹೊಟ್ಟೆ ತೊಳಸುತ್ತಿದ್ದುದರಿಂದ ಅತ್ತೆ ಇದ್ದಿಲೊಲೆಯನ್ನು ಹಿತ್ತಲಿಗೆ ಸಾಗಿಸಿದರು. ಗುಟ್ಟು ಕಾಯುವ ಭರದಲ್ಲಿ ಅವರಿಗೆ ಹೊಳೆಯದೇ ಹೋದದ್ದು ಒಂದೇ: ಬಸುರಿಯ ಮನೆಯದಲ್ಲದೆ ಇನ್ನಾರ ಮನೆಯ ಒಗ್ಗರಣೆ ಆ ಚಳಿಯಲ್ಲಿ ಹಿತ್ತಲಿಗೆ ಬಂದೀತು? ಘಮ ಹೋದಲ್ಲೆಲ್ಲ ಸುದ್ದಿಯೂ ಹೋಯಿತು. ಪಕ್ಕದ ಮನೆಯ ಗೌರಮ್ಮ ಕೇಳಿದ್ದಕ್ಕೆ, ಅಡುಗೆಮನೆಯಲ್ಲಿ ಹೊಗೆ ಜಾಸ್ತಿ ಎಂದರು ಬಸವಲಿಂಗಮ್ಮನವರು. ಗೌರಮ್ಮ ತಲೆಯಾಡಿಸಿ, ಮಾರನೆಯ ದಿನದಿಂದ ತಾವು ಮೆಣಸಿನಕಾಯಿ ಹುರಿಯುವುದನ್ನು ಮನೆಯ ಆಚೆಬದಿಗೆ ಸರಿಸಿದರು.

ಒಂದು ನಸುಕಿನಲ್ಲಿ ಪುರಿ ಕೊಟ್ಟ ಅತ್ತೆ ಏಳದೆ ಅಲ್ಲೇ ಕೂತರು.

"ಹೋದ್ಸಲ ಬೀದಿಗೆಲ್ಲ ಸಕ್ಕರೆ ಹಂಚ್ಬಿಟ್ಟೆ. ನನ್ನ ಬಾಯಿಂದ್ಲೇ ಹೋಯ್ತು ಕಣಮ್ಮ."

ಚೂಡಾಮಣಿಗೆ ನಿದ್ದೆ ಹಾರಿಹೋಯಿತು. ವರ್ಷವಿಡೀ ಅವಳು ದೂರಿಕೊಂಡದ್ದು ತನ್ನನ್ನೇ.

"ನಾನು ಕೊಡ ಎತ್ತಿದ್ದಕ್ಕೆ ಅಂತ ಅನ್ಕೊಂಡಿದ್ದೆ, ಅತ್ತೆ. ಯಾರ ತಪ್ಪೂ ಅಲ್ಲ ಅಂದ್ರಲ್ಲ ಡಾಕ್ಟ್ರಮ್ಮ."

ಇಬ್ಬರೂ ಆ ಕೋಟಿನ ತೋಳಿಗೇ ಕಣ್ಣೊರೆಸಿಕೊಂಡರು.

ಬಸಿರು ನಿಂತಿತು. ಮೂರು ತುಂಬಿದ ಬೆಳಿಗ್ಗೆ ಬಸವಲಿಂಗಮ್ಮನವರು ಸಕ್ಕರೆಯ ತಟ್ಟೆ ಹಿಡಿದು, ನೆಲ ಅದುರುವಂತೆ ನಡೆದು ಗೌರಮ್ಮನ ಬಾಗಿಲಿಗೆ ಹೋದರು. ಗೌರಮ್ಮ ಕಣ್ಣರಳಿಸಿದರು.

"ಹೌದಾ? ಸುಳಿವೇ ಕೊಡ್ಲಿಲ್ವಲ್ಲ ನೀವು."

ಬಸವಲಿಂಗಮ್ಮನವರು ಹೆಮ್ಮೆಯಿಂದ ನಕ್ಕರು. ಮನಸ್ಸಿನಲ್ಲಿದ್ದದ್ದೆಲ್ಲ ಕೈಕಾಲಿಗೆ ಇಳಿದುಬಿಡುವ ಇಂಥವರಿಗೆ ಗುಟ್ಟು ಕಾಯಲು ಬರುವುದಿಲ್ಲ. ಅವರ ಗುಟ್ಟನ್ನು ಬೀದಿಯೇ ಕಾಯಬೇಕು. ಪುಣ್ಯಕ್ಕೆ, ಬೀದಿ ಕಾಯುತ್ತದೆ.