ಹಾರಿಹೋದ ಪಾಲು

ನೂರ ಎಂಬತ್ತನಾಲ್ಕು. ಲೋಟದ ಮುಚ್ಚಳದಲ್ಲಿದ್ದ ಕಿಂಡಿ ತೆರೆದು, ಕಾಳಿನಷ್ಟು ಚಿಕ್ಕ ಉರಿಯನ್ನು ಒಳಗೆ ತೋರಿಸಿ ಮುಚ್ಚಿದೆ. ಏನೂ ಆಗಲಿಲ್ಲ. ನೂರ ಎಂಬತ್ತಾರು. ಮತ್ತೆ ತೋರಿಸಿದೆ. ಎಣ್ಣೆ ಕಾಯುತ್ತಾ ಹೋದಂತೆ ಎರಡೆರಡು ಡಿಗ್ರಿಗೊಮ್ಮೆ ಹೀಗೆ ಉರಿ ತೋರಿಸುತ್ತಾ ಹೋಗಬೇಕು. ಎಷ್ಟು ಬಿಸಿಗೆ ಒಳಗಿನ ಆವಿ ನೀಲಿಯಾಗಿ ಮಿಂಚಿ ಆರುತ್ತದೋ ಅದೇ ಆ ಎಣ್ಣೆಯ ಫ್ಲ್ಯಾಶ್ ಪಾಯಿಂಟ್. ಇನ್ನೂರರ ಹತ್ತಿರ ಮಿಂಚಿದರೆ ಎಣ್ಣೆ ಸಾಧು. ಎಪ್ಪತ್ತಕ್ಕೇ ಮಿಂಚಿದರೆ ಅದರಲ್ಲಿ ಪೆಟ್ರೋಲು ಉಳಿದುಕೊಂಡಿದೆ ಎಂದು ಅರ್ಥ. ಅಂಥದ್ದು ಡ್ರಮ್ಮಿಗೆ ಹೋಗಕೂಡದು.

ನೂರ ತೊಂಬತ್ತೆರಡಕ್ಕೆ ಮಿಂಚಿತು. ಬರೆದುಕೊಂಡೆ. ಬರೆಯುವಾಗ ಈಗ ಪ್ರತಿ ಸಲವೂ ಕೈ ಒಂದು ಗಳಿಗೆ ನಿಲ್ಲುತ್ತದೆ. ಹದಿನಾರು ವರ್ಷ ನಿಲ್ಲದಿದ್ದ ಕೈ.

ನಮ್ಮದು ಹಳೇ ಎಣ್ಣೆಯ ಕಾರ್ಖಾನೆ. ಗ್ಯಾರೇಜುಗಳಲ್ಲಿ ಇಳಿಸಿದ ಕಪ್ಪು ಇಂಜಿನ್ ಆಯಿಲು ಲಾರಿಗಳಲ್ಲಿ ಬರುತ್ತದೆ. ಮೊದಲು ಅದರ ನೀರು ತೆಗೆಯುತ್ತಾರೆ. ಆಮೇಲೆ ಎತ್ತರದ ಗೋಪುರದಲ್ಲಿ ಕಾಯಿಸಿ, ಅದರೊಳಗೆ ಸೇರಿಕೊಂಡ ಪೆಟ್ರೋಲು ಡೀಸೆಲ್ಲುಗಳನ್ನು ಆವಿ ಮಾಡಿ ಬೇರೆ ಹಿಡಿಯುತ್ತಾರೆ. ಅದು ನಮ್ಮ ಕುಲುಮೆಗೇ ಉರುವಲು. ಉಳಿದದ್ದನ್ನು ಗಾಳಿ ಎಳೆದು ತೆಗೆದ ದೊಡ್ಡ ಪಾತ್ರೆಯಲ್ಲಿ ಕುದಿಸಿ ಇಳಿಸಿದರೆ ಜೇನಿನ ಬಣ್ಣದ ಎಣ್ಣೆ.

"ನಾವು ಎಣ್ಣೆಗೆ ಎರಡನೇ ಮದುವೆ ಮಾಡೋರು," ಎನ್ನುತ್ತಿದ್ದ ನನ್ನ ಮೈದುನ. "ಮೊದಲನೇ ಸಂಸಾರದ ಕೊಳೆಯೆಲ್ಲ ತೊಳೆದು ಕಳಿಸ್ತೀವಿ. ಹೆಣ್ಣು ನೋಡಿ ಪಾಸು ಮಾಡೋರು ನಮ್ಮತ್ತಿಗೆ."

ಡ್ರಮ್ಮು ತುಂಬುವ ಶೆಡ್ಡಿನಲ್ಲಿ ಅವನಿಗೆ ಕೆಲಸ ಕೊಡಿಸಿದ್ದೂ ನಾನೇ.

ಇಂದಿಗೆ ಹದಿನೆಂಟು ದಿನ. ಅವತ್ತು ಬೆಳಿಗ್ಗೆ ಟ್ಯಾಂಕಿನ ನೆತ್ತಿಯಿಂದ ಎಣ್ಣೆ ಹಿಡಿದುಕೊಂಡು ಬಂದ ಮೈದುನ ಬಾಟಲಿಯನ್ನು ಮೇಜಿನ ಮೇಲಿಟ್ಟು ಏದುಸಿರು ಬಿಟ್ಟಿದ್ದ. "ಮಂಡಿ ಮುಷ್ಕರ ಹೂಡಿದೆ ಅತ್ತಿಗೆ. ಇವತ್ತು ಇನ್ನೊಂದು ಸಲ ಹತ್ತು ಅಂದ್ರೆ ನಾನು ಯೂನಿಯನ್ ಸೇರ್ತೀನಿ."

"ಸೇರು ಹೋಗು. ಚಂದಾ ನಾನೇ ಕಟ್ತೀನಿ," ಎಂದೆ.

ಫ್ಲ್ಯಾಶ್ ಯಂತ್ರ ಹಿಂದಿನ ಪರೀಕ್ಷೆಯಿಂದ ಇನ್ನೂ ಕಾದಿತ್ತು. ಅದು ಆರುವಷ್ಟರಲ್ಲಿ ಎಣ್ಣೆ ಎಷ್ಟು ಮಂದವಾಗಿದೆ ಎಂದು ಅಳೆದುಬಿಡೋಣ ಎಂದು ಇಡೀ ಬಾಟಲಿಯನ್ನು ಅಗಲ ಬಾಯಿಯ ಗಾಜಿನ ಪಾತ್ರೆಗೆ ಸುರಿದು ಬಿಸಿ ತಟ್ಟೆಯ ಮೇಲಿಟ್ಟೆ. ಮಾಡಬಾರದ ಕೆಲಸ. ಫ್ಲ್ಯಾಶ್ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ಹೊಸದಾಗಿ ಬಂದ ಹುಡುಗಿಯರಿಗೆ ಮೊದಲ ದಿನ ನಾನೇ ಹೇಳಿಕೊಡುವ ಪಾಠ. ಅಷ್ಟರಲ್ಲಿ ಹಾಸ್ಟೆಲಿನಿಂದ ಮಗಳ ಫೋನು ಬಂತು. ಪರೀಕ್ಷೆ ಕೆಟ್ಟಿತ್ತು, ಅಳುತ್ತಿದ್ದಳು. ಮೊಗಸಾಲೆಗೆ ಹೋಗಿ ಸಮಾಧಾನ ಮಾಡುತ್ತಾ ನಿಂತೆ. ಒಳಗೆ ಬಂದಾಗ ಮುಕ್ಕಾಲು ಗಂಟೆ ಆಗಿತ್ತು. ಎಣ್ಣೆಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

ಹಾಗೆ ಕಾದ ಎಣ್ಣೆಯಲ್ಲಿ ಪೆಟ್ರೋಲು ಇದ್ದಿದ್ದರೂ ಅಷ್ಟರಲ್ಲಿ ಹಾರಿಹೋಗಿರುತ್ತದೆ. ಅದನ್ನು ಚೆಲ್ಲಿ ಹೊಸದಾಗಿ ಹಿಡಿದು ತರಿಸಬೇಕು. ಕರೆಯೋಣವೆಂದು ಕಿಟಕಿಯಲ್ಲಿ ಬಗ್ಗಿದೆ. ಅವನು ಟ್ಯಾಂಕಿನ ಕೊನೇ ಮೆಟ್ಟಿಲ ಮೇಲೆ ಕೂತು, ಬೂಟು ಕಳಚಿ, ಮಂಡಿ ತಿಕ್ಕಿಕೊಳ್ಳುತ್ತಿದ್ದ. ಬಿಸಿಲು ಸುರಿಯುತ್ತಿತ್ತು. ಪಾಪ, ಇಷ್ಟು ದಿನ ಕೆಡದ ಎಣ್ಣೆ ಇವತ್ತೇ ಕೆಟ್ಟಿರುತ್ತದೆಯೇ ಎಂದುಕೊಂಡೆ. ಪಾತ್ರೆಯಲ್ಲಿದ್ದ ಎಣ್ಣೆಯನ್ನೇ ಆರಿಸಿ ಪರೀಕ್ಷೆ ಮಾಡಿದೆ. ನೂರ ತೊಂಬತ್ತಾರು. ಪಾಸು ಎಂದು ಸಹಿ ಹಾಕಿದೆ.

ಮಧ್ಯಾಹ್ನ ಅದೇ ಎಣ್ಣೆ, ಸರಾಗವಾಗಿ ಹರಿಯಲೆಂದು ಬಿಸಿ ಮಾಡಿದ್ದು, ಡ್ರಮ್ಮಿಗೆ ಇಳಿಯಿತು. ಡ್ರಮ್ಮಿನ ಬಾಯಿಗೆ ಪ್ಲಾಸ್ಟಿಕ್ ಸೀಲು ಅಂಟಿಸಲು ಅವನು ಬಿಸಿಗಾಳಿ ಯಂತ್ರ ಹಿಡಿದ. ಭಗ್ಗನೆ ಹತ್ತಿಕೊಂಡಿತು. ಎರಡೂ ಕೈ, ಮೊಣಕೈಯವರೆಗೆ.

ಮಾರನೆಯ ದಿನ ಪೈಪಿನಲ್ಲಿ ನಿಂತಿದ್ದ ಎಣ್ಣೆಯನ್ನು ಯಾರಿಗೂ ಹೇಳದೆ ಹಿಡಿದು ತಂದು ನೋಡಿದೆ. ಎಪ್ಪತ್ತೆರಡಕ್ಕೆ ಮಿಂಚಿತು. ಆ ಅಂಕಿಯನ್ನು ಎಲ್ಲೂ ಬರೆಯಲಿಲ್ಲ.

ಇವತ್ತು ಪರೀಕ್ಷೆ ಮುಗಿಸಿ ಯಂತ್ರ ಒರೆಸಿಡುವಾಗ ಮ್ಯಾನೇಜರ್ ಬಂದರು. "ನಾಳೆ ಹನ್ನೊಂದಕ್ಕೆ ನಿಮ್ಮ ಮೈದುನನ ವಿಚಾರಣೆ ಮೇಡಂ. ನಿಯಮದ ಪ್ರಕಾರ ಪರೀಕ್ಷೆ ಮಾಡಿದೆ ಅಂತ ನಿಮ್ಮದೊಂದು ಹೇಳಿಕೆ ಬೇಕು. ಎರಡೇ ಸಾಲು."

"ಅವನು ಡ್ರಮ್ಮು ಪೆಟ್ರೋಲಲ್ಲಿ ತೊಳೀಲಿಲ್ಲ ಅಂತಿದಾನಲ್ಲ ಸಾರ್."

"ಮನೆಯವನು ಅಂತ ನಿಮಗೆ ಸಂಕಟ, ನನಗೆ ಗೊತ್ತಾಗುತ್ತೆ. ಆದ್ರೆ ಟ್ಯಾಂಕಿನ ಎಣ್ಣೆ ಸರಿಯಿತ್ತು ಅಂತ ನಿಮ್ಮ ಲ್ಯಾಬೇ ಹೇಳಿದೆ. ನಿಮ್ಮ ಅಂಕಿ ಅಂದ್ರೆ ಕಲ್ಲಲ್ಲಿ ಕೊರೆದ ಹಾಗೆ. ಎಣ್ಣೆ ಸರಿಯಿದ್ದ ಮೇಲೆ ಡ್ರಮ್ಮೇ ತಾನೆ ಕೆಟ್ಟಿರಬೇಕು? ಹೋದ ವರ್ಷ ಇದೇ ಚಟಕ್ಕೆ ಅವನಿಗೆ ಎಚ್ಚರಿಕೆ ಪತ್ರ ಕೊಟ್ಟಿದ್ವಿ."

ಕೊಟ್ಟಿದ್ದು ನಿಜ. ಜಿಡ್ಡು ಬೇಗ ಬಿಡುತ್ತದೆಂದು ಶೆಡ್ಡಿನವರೆಲ್ಲ ಕದ್ದುಮುಚ್ಚಿ ಡ್ರಮ್ಮಿಗೆ ಪೆಟ್ರೋಲು ಹಾಕಿ ಕುಲುಕುತ್ತಿದ್ದರು. ಪತ್ರ ಬಂದ ದಿನವೇ ಅವನು ಬಿಟ್ಟ. ಅದೂ ನನಗೆ ಗೊತ್ತಿತ್ತು.

ಮನೆಗೆ ಬಂದಾಗ ಓರಗಿತ್ತಿ ಬ್ಯಾಂಡೇಜಿನ ಸಾಮಾನು ಹರಡಿಕೊಂಡು ಕಾಯುತ್ತಿದ್ದಳು. ನನ್ನ ಗಂಡ ತೀರಿಕೊಂಡು ಆರು ವರ್ಷವಾದರೂ ನಾನು ಇದೇ ಮನೆಯಲ್ಲಿ ಇದ್ದೇನೆ. ಇವಳು ಒಂದು ದಿನವೂ ನನ್ನ ತಟ್ಟೆಯನ್ನು ಬೇರೆ ಇಟ್ಟವಳಲ್ಲ.

"ಬನ್ನಿ ಅಕ್ಕ. ನಿಮ್ಮ ಕೈಯಲ್ಲೇ ಆಗಬೇಕಂತೆ ದೊರೆಗಳಿಗೆ. ನಾನು ಮುಟ್ಟಿದ್ರೆ ಚೇಳು ಕುಟುಕಿದವರ ಹಾಗೆ ಕಿರುಚ್ತಾರೆ."

"ನೀನು ಪಟ್ಟಿ ಬಿಚ್ಚೋದು ಈರುಳ್ಳಿ ಸುಲಿದ ಹಾಗೆ ಕಣೆ," ಎಂದ ಮೈದುನ. "ಅತ್ತಿಗೆ, ಮೊದಲು ಸ್ವಲ್ಪ ಮೂಗು ತುರಿಸಿ. ಆಗಿಂದ ಕಾದಿದೀನಿ."

"ನೋಡಿ, ಮೂಗಿಗೂ ಆಳು ಬೇಕು!"

ತುರಿಸಿದೆ. ಮೂವರೂ ನಕ್ಕೆವು. ಹತ್ತಿಯನ್ನು ನೆನೆಸಿ ನೆನೆಸಿ ಪಟ್ಟಿ ಬಿಡಿಸಿದೆ. ಹೊಸ ಚರ್ಮ ಹಸುಗೂಸಿನ ಅಂಗಾಲಿನಂತೆ ಕೆಂಪಗಿತ್ತು. ಎರಡು ಬೆರಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ನಡುವೆ ತೆಳುಬಟ್ಟೆ ಇಟ್ಟೆ.

ಓರಗಿತ್ತಿ ಬಿಸಿನೀರು ತರಲು ಒಳಗೆ ಹೋದಳು. ಅವನು ದನಿ ತಗ್ಗಿಸಿದ. "ಅತ್ತಿಗೆ, ಒಂದು ಮಾತು. ನಾನೇ ತೊಳೆದಿರಬಹುದು ಅನ್ಸುತ್ತೆ."

"ಏನು?"

"ಡ್ರಮ್ಮು. ಮಲಗಿದ್ದಾಗೆಲ್ಲ ಯೋಚನೆ ಮಾಡ್ತಾ ಇದ್ದೆ. ಹಳೇ ಅಭ್ಯಾಸ ನೋಡಿ, ಕೈ ತಾನಾಗೇ ಮಾಡಿಬಿಟ್ಟಿರುತ್ತೆ. ಕಣ್ಣು ಮುಚ್ಚಿದ್ರೆ ಕುಲುಕಿದ ಹಾಗೇ ಕಾಣುತ್ತೆ. ಸದ್ದೂ ಕೇಳುತ್ತೆ."

"ನೀನು ಬಿಟ್ಟು ವರ್ಷ ಆಯ್ತಲ್ಲೋ."

"ಮತ್ತೆ ಬೆಂಕಿ ಎಲ್ಲಿಂದ ಬಂತು? ನೀವು ನೋಡಿದ ಎಣ್ಣೆ. ನೀವು ಸರಿಯಿದೆ ಅಂದ ಮೇಲೆ ಸರಿಯೇ ಇರಬೇಕು. ಉಳಿದವನು ನಾನೊಬ್ಬನೇ." ಬ್ಯಾಂಡೇಜಿಲ್ಲದ ಕೈಗಳನ್ನು ದಿಂಬಿನ ಮೇಲೆ ಚಾಚಿಕೊಂಡು ಅವನ್ನೇ ನೋಡಿದ. "ಇವಳೂ ಬಾಯಿಬಿಟ್ಟು ಹೇಳಲ್ಲ, ಆದ್ರೆ ಅವಳ ಮನಸ್ಸಲ್ಲೂ ಅದೇ ಇದೆ. ಒಪ್ಪಿಕೊಂಡು ಬರೆದುಕೊಟ್ರೆ ಕೆಲಸದಿಂದ ತೆಗೆದ್ರೂ ಪೊಲೀಸು ಗಿಲೀಸು ಬೇಡ ಅಂತಾರಂತೆ. ನಾಳೆ ಒಪ್ಪಿಕೊಂಡುಬಿಡ್ತೀನಿ. ನನ್ನ ದೆಸೆಯಿಂದ ಲ್ಯಾಬಿನಲ್ಲಿ ನಿಮ್ಮ ಹೆಸರಿಗೂ ಎಳೆದಾಟ ಬೇಡ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಬೇಕಾದವಳು ನಾನು. ಮುಟ್ಟಿಕೊಂಡು ಕೂತವನು ಅವನು.

ಇಷ್ಟು ದಿನ ನಾನು ಒಂದು ಲೆಕ್ಕ ಹಾಕಿಕೊಂಡಿದ್ದೆ. ಹೇಗೂ ಅವನು ಒಪ್ಪುವುದಿಲ್ಲ, ಸಾಕ್ಷಿ ಯಾರೂ ಇಲ್ಲ, ವಿಚಾರಣೆ ಎಲ್ಲಿಗೂ ಮುಟ್ಟದೆ ನಿಂತುಹೋಗುತ್ತದೆ, ಹುಣ್ಣು ಮಾಯುತ್ತದೆ, ನಾನು ಜೀವಮಾನವಿಡೀ ಅವನ ಸೇವೆ ಮಾಡಿ ತೀರಿಸುತ್ತೇನೆ. ದಿನಾ ಸಂಜೆ ಪಟ್ಟಿ ಕಟ್ಟುವಾಗ ಒಂದಿಷ್ಟು ತೀರಿತು ಎಂದೇ ಅಂದುಕೊಳ್ಳುತ್ತಿದ್ದೆ. ಅವನ ಕೈ ಸುಟ್ಟಿದ್ದು ನನ್ನ ಅಜಾಗ್ರತೆ. ಅದಾದರೂ ಒಂದು ಗಳಿಗೆಯದು. ಆಮೇಲಿನ ಹದಿನೆಂಟು ದಿನ ನಾನು ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ, ಮಾಡದ ಕೆಲಸದ ಸದ್ದು ಅವನ ಕಿವಿಗೆ ಕೇಳಲು ಶುರುವಾಗಿತ್ತು. ಇದು ಮಾತ್ರ ನಾನು ತಿಳಿದೂ ತಿಳಿದೂ ಮಾಡಿದ್ದು.

ಓರಗಿತ್ತಿ ನೀರು ತಂದಳು. "ಏನು ಅತ್ತಿಗೆ ಮೈದುನರ ಗುಟ್ಟು?"

"ನಿನ್ನ ಅಡುಗೆ ಬಗ್ಗೆ," ಎಂದ ಅವನು.

"ಬಾಯಿಗೂ ಒಂದು ಪಟ್ಟಿ ಕಟ್ಟಿಬಿಡಿ ಅಕ್ಕ. ನೀವು ಇಲ್ದಿದ್ರೆ ನಾನು ಈ ಮನುಷ್ಯನ ಜೊತೆ ಏನು ಮಾಡ್ತಿದ್ದೆನೋ," ಎಂದು ನನ್ನ ಬೆನ್ನು ಸವರಿ, ಪಕ್ಕದಲ್ಲಿ ಕೂತಳು.

ಈ ಕೈ ನಾಳೆ ಸಂಜೆ ನನ್ನ ಬೆನ್ನ ಮೇಲೆ ಇರುವುದಿಲ್ಲ. ಕೆಲಸ ಹೋದೀತು, ಅದಕ್ಕಿಂತ ಹೆಚ್ಚು ಇದು ಹೋದೀತು. ಮಗಳ ಅಳುವನ್ನೋ, ಅವನ ಮಂಡಿಯನ್ನೋ ನೆವ ಹೇಳಿದರೆ ಇವಳು ಒಂದಲ್ಲ ಒಂದು ದಿನ ಕ್ಷಮಿಸಿಯಾಳು. ನೆವ ಹೇಳಬಾರದು. ಎಣ್ಣೆ ಸುರಿದದ್ದು, ಮುಕ್ಕಾಲು ಗಂಟೆ ಬಿಟ್ಟದ್ದು, ಗೊತ್ತಿದ್ದೂ ಸಹಿ ಹಾಕಿದ್ದು, ಎಪ್ಪತ್ತೆರಡು. ಇಷ್ಟೇ. ಅವನು ಬಾಯಿ ಬಿಡುವ ಮೊದಲು ನಾನು ಹೇಳಿ ಮುಗಿಸಿರಬೇಕು.

ಕೊನೆಯ ಸುತ್ತು ಸುತ್ತಿ ಗಂಟು ಹಾಕಿದೆ. "ಬಿಗಿ ಆಯ್ತಾ?"

"ಇಲ್ಲ ಅತ್ತಿಗೆ, ಹಾಯಾಗಿದೆ."

ಎದ್ದು ಕೈ ತೊಳೆದುಕೊಂಡೆ. "ನಾಳೆ ನನಗೆ ಡಬ್ಬಿ ಬೇಡ," ಎಂದೆ ಓರಗಿತ್ತಿಗೆ. "ನಾನು ಏಳಕ್ಕೇ ಹೊರಡ್ತೀನಿ."

"ವಿಚಾರಣೆ ಹನ್ನೊಂದಕ್ಕಲ್ವಾ ಅಕ್ಕ? ಇವರನ್ನ ನೀವೇ ಕರ್ಕೊಂಡು ಹೋಗ್ತೀರಿ ಅಂದ್ಕೊಂಡಿದ್ದೆ."

"ನೀನೇ ಕರ್ಕೊಂಡು ಬಾ. ನಿಧಾನವಾಗಿ ಬನ್ನಿ," ಎಂದೆ. "ನನಗೆ ಮೊದಲು ಸ್ವಲ್ಪ ಕೆಲಸ ಇದೆ."